ಕಾಡಿನಲ್ಲಿ ಕೆಂಪು ಕಿಡಿ

ರಟ್ಟಿನ ಪೆಟ್ಟಿಗೆಯಿಂದ ಥರ್ಮೊಕೋಲ್ ಎಳೆಯುವಾಗ ಹಲ್ಲಿನ ಬುಡಕ್ಕೆ ಹೋಗಿ ಕೂರುವಂಥ ಒಂದು ಸದ್ದು ಬರುತ್ತದಲ್ಲ, ಅದನ್ನು ಕೇಳಿದರೆ ಉಳಿದ ಊರಿನವರಿಗೆ ಹೊಸ ಟಿವಿಯೋ ಮಿಕ್ಸಿಯೋ ನೆನಪಾದೀತು. ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಬಂಗುಡೆ. ಮಂಜುಗಡ್ಡೆಯ ನಡುವೆ ಮಲಗಿಸಿದ ಮೀನು ಊರೂರಿಗೆ ಹೋಗುವುದು ಥರ್ಮೊಕೋಲ್ ಪೆಟ್ಟಿಗೆಯಲ್ಲೇ. ನನಗೆ ಮಾತ್ರ ಆ ಸದ್ದು ಕೇಳಿದರೆ ಮೀನೂ ಕಂಪ್ಯೂಟರೂ ಒಂದೇ ಬುಟ್ಟಿಯಲ್ಲಿ ಬಂದು ಬೀಳುತ್ತವೆ. ಇದಕ್ಕೆ ಕಾರಣ ನನ್ನ ಗೆಳೆಯ ವಾಸು.

ಮೊನ್ನೆ ಕುಂದಾಪುರದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಆ ಸದ್ದು ಕೇಳಿದಾಗ ವಾಸು ನನ್ನ ಪಕ್ಕದಲ್ಲೇ ನಿಂತಿದ್ದ. ಅವನ ಅಕ್ಕನ ಮಗ ಪ್ರಜ್ವಲ್‌ನಿಗೆ ಆಟ ಆಡುವುದಕ್ಕೆ ಒಂದು ಒಳ್ಳೆಯ ಮಾನಿಟರ್ ಕೊಡಿಸಬೇಕೆಂದು ಬಂದದ್ದು. ಪ್ರಜ್ವಲ್ ಪಿಯುಸಿ ಮುಗಿಸಿದ್ದಾನೆ, ಹಡಗಿಗೇ ಹೋಗುತ್ತೇನೆಂದು ಹಟ ಹಿಡಿದು ಕೂತಿದ್ದಾನೆ. ಹಡಗಿಗೆ ಸೇರುವವರ ಕಣ್ಣಿನ ಪರೀಕ್ಷೆ ಬಹಳ ಕಟ್ಟುನಿಟ್ಟು. ಅದಕ್ಕೆ ಮೊದಲು ಊರಲ್ಲೇ ಒಬ್ಬ ಡಾಕ್ಟರಿಗೆ ತೋರಿಸಿಬಿಡುವ ಎಂದು ಅಕ್ಕ ತಮ್ಮ ಇಬ್ಬರೂ ತುಂಬ ದಿನದಿಂದ ಹೇಳಿಕೊಳ್ಳುತ್ತಿದ್ದಾರೆ. ಇಬ್ಬರಿಗೂ ಧೈರ್ಯ ಬಂದಿಲ್ಲ. ಬೈಂದೂರಿನಲ್ಲಿ ಸುಖವಾಗಿ ಮಧ್ಯಾಹ್ನದ ನಿದ್ದೆ ಮಾಡುತ್ತಿದ್ದ ನನಗೆ ಫೋನ್ ಮಾಡಿ ವಾಸು ಹೇಳಿದ್ದು ಇಷ್ಟೆ: "ಮಾನಿಟರ್ ತಕಂಬುಕೆ ಹೋಪ. ನೀ ಎಂತದೂ ಮಾತಾಡೂದ್ ಬ್ಯಾಡ. ನಿನ್ ಕಣ್ಣ್ ಒಂದ್ ಬೇಕ್."

ಯಾಕೆ ಎಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು. ನಿಮಗೆ ಗೊತ್ತಾಗಬೇಕಾದರೆ, ಪ್ರಜ್ವಲ್ ಇನ್ನೂ ಅಮ್ಮನ ಸೊಂಟ ಬಿಟ್ಟು ಇಳಿಯದಿದ್ದ ಕಾಲಕ್ಕೆ ನನ್ನ ಜೊತೆ ಒಂದು ಸುತ್ತು ಬರಬೇಕು.

ಆಗ ನಮ್ಮಲ್ಲಿ ಒಂದು ಮಂಡಳಿ ಇತ್ತು: ಗ್ರಾಫಿಕ್ಸ್ ಕಾರ್ಡ್ ಸುಧಾರಣಾ ಮಂಡಳಿ. ನೋಂದಣಿ ಆಗಿರಲಿಲ್ಲ, ರಬ್ಬರ್ ಸ್ಟಾಂಪೂ ಇರಲಿಲ್ಲ. ಕೋಡಿಯ ವಾಸು, ಬ್ರಹ್ಮಾವರದ ಅರುಣ, ಬೈಂದೂರಿನ ನಾನು, ಇಷ್ಟೇ ಸದಸ್ಯರು. ಗ್ರಾಫಿಕ್ಸ್ ಕಾರ್ಡ್ ಎಂದರೆ ಕಂಪ್ಯೂಟರಿನ ಹೊಟ್ಟೆಯೊಳಗೆ ಕೂತು ಪರದೆಯ ಮೇಲೆ ಚಿತ್ರ ಮೂಡಿಸುವ ಒಂದು ಹಲಗೆ. ಇಷ್ಟೇ ವೇಗದಲ್ಲಿ ಕೆಲಸ ಮಾಡು ಎಂದು ಬುದ್ಧಿ ಹೇಳಿ ಕಂಪನಿಯವರು ಅದನ್ನು ಕಳಿಸಿರುತ್ತಾರೆ. ಆ ಬುದ್ಧಿಮಾತನ್ನು ಮೀರಿಸಿ ಅದನ್ನು ಓಡಿಸುವುದೇ ಮಂಡಳಿಯ ಪರಮ ಧ್ಯೇಯ. ಇದ್ದ ಸಂಬಳದಲ್ಲೇ ಎರಡರಷ್ಟು ದುಡಿಸುವ ಈ ವಿದ್ಯೆ ನಮ್ಮ ಕಡೆಯ ಬಸ್ಸುಗಳಿಗೆ ಎಂದೋ ಸಿದ್ಧಿಸಿತ್ತು. ಕಂಪ್ಯೂಟರಿಗೆ ತಂದವರು ನಾವು ಎಂಬ ಹೆಮ್ಮೆ ನಮಗೆ.

ಕಾರ್ಡಿನ ವೇಗ ಏರಿಸುವುದು ಸುಲಭ. ಪರದೆಯ ಮೇಲೊಂದು ಗುಂಡಿ, ಅದನ್ನು ಮೌಸಿನಿಂದ ಬಲಕ್ಕೆ ಜರುಗಿಸಿದರೆ ಆಯಿತು. ಕಷ್ಟ ಇರುವುದು ನಿಲ್ಲಿಸುವುದರಲ್ಲಿ. ಏರಿಸುತ್ತಾ ಹೋದ ಹಾಗೆ ಕಾರ್ಡಿಗೆ ಜ್ವರ ಬಂದು, ಚಿತ್ರದ ನಡುವೆ ಅಲ್ಲೊಂದು ಇಲ್ಲೊಂದು ಬಣ್ಣದ ಚುಕ್ಕಿ ಮಿನುಗತೊಡಗುತ್ತದೆ. ನಾವು ಅದಕ್ಕೆ ಕಿಡಿ ಎನ್ನುತ್ತಿದ್ದೆವು. ಕಿಡಿ ಕಂಡ ಕೂಡಲೇ ಇಳಿಸಬೇಕು; ಇಳಿಸದಿದ್ದರೆ ಕಾರ್ಡ್ ಸುಡುತ್ತದೆ. ಮಂಡಳಿಯ ಸಂವಿಧಾನದಲ್ಲಿ ಇದ್ದದ್ದು ಈ ಒಂದೇ ಕಲಮು.

ಕಾರ್ಡ್ ಓಡಿಸುವುದರಲ್ಲಿ ವಾಸುವನ್ನು ಮೀರಿಸಿದವರಿಲ್ಲ. ಮೂವರದ್ದೂ ಒಂದೇ ಕಂಪನಿಯ ಒಂದೇ ಜಾತಿಯ ಕಾರ್ಡ್. ನಮ್ಮವು ಘಾಟಿ ಹತ್ತುವ ಲಾರಿಯ ಹಾಗೆ ಏದುಸಿರು ಬಿಟ್ಟು ಕಿಡಿ ಕಾರುವ ಜಾಗ ದಾಟಿ ಅವನ ಕಾರ್ಡ್ ಇನ್ನೂ ಮುಂದಕ್ಕೆ ಹೋಗುತ್ತಿತ್ತು. "ನಂಗೆ ಒಂದ್ ಕಿಡಿಯೂ ಕಾಂತಿಲ್ಲ ಮಾರಾಯ್ರೇ" ಎಂದು ಅವನು ಫೋನಿನಲ್ಲಿ ವರದಿ ಒಪ್ಪಿಸಿದರೆ ನಾವು ಮೌನವಾಗಿ ತಲೆಬಾಗುತ್ತಿದ್ದೆವು.

ಇದೆಲ್ಲ ಮಂಜುಗಡ್ಡೆಯ ಮಹಿಮೆ ಎಂದು ನಮ್ಮ ತೀರ್ಮಾನ. ವಾಸುವಿನ ಸೋದರಮಾವ ಶೀನಮಾವ ಗಂಗೊಳ್ಳಿಯಲ್ಲಿ ತಾಂಡೇಲ, ಅಂದರೆ ಬೋಟು ನಡೆಸುವ ಯಜಮಾನ. ಅಳಿಯನ ಮೇಲೆ ಜೀವ. ಅಳಿಯನ ಯಂತ್ರಕ್ಕೆ ಸೆಕೆ ಆಗುತ್ತದೆಂದು ತಿಳಿದದ್ದೇ ಆಗಾಗ ಒಂದು ಥರ್ಮೊಕೋಲ್ ಪೆಟ್ಟಿಗೆ ತುಂಬ ಪುಡಿ ಮಂಜುಗಡ್ಡೆ ತಂದುಕೊಡುತ್ತಿದ್ದರು. ಕ್ಯಾಬಿನೆಟ್ಟಿನ ಮುಚ್ಚಳ ತೆಗೆದು, ಎದುರಿಗೆ ಪೆಟ್ಟಿಗೆ ಇಟ್ಟು, ಅದರ ಹಿಂದಿನಿಂದ ಟೇಬಲ್ ಫ್ಯಾನ್ ಹಾಕಿದರೆ ಕಾರ್ಡಿಗೆ ತಂಪೋ ತಂಪು. ಪೆಟ್ಟಿಗೆ ಹಿಂದಿನ ದಿನದವರೆಗೆ ಬಂಗುಡೆ ಹೊತ್ತದ್ದಾದ್ದರಿಂದ ಯಂತ್ರಕ್ಕೊಂದು ಪರಿಮಳವೂ ಬಂದಿತ್ತು. ಕೇರಿಯ ಬೆಕ್ಕುಗಳು ಕಿಟಕಿಯ ಹೊರಗೆ ಸಭೆ ಸೇರಿ, ಕಂಪ್ಯೂಟರ್ ಬಂದ್ ಆಗುವವರೆಗೂ ಶಿಸ್ತಿನಿಂದ ಕೂತಿರುತ್ತಿದ್ದವು. ಬೆಕ್ಕುಗಳ ಗೌರವಕ್ಕೆ ಪಾತ್ರವಾದ ಗ್ರಾಫಿಕ್ಸ್ ಕಾರ್ಡ್ ಲೋಕದಲ್ಲಿ ಅದೊಂದೇ ಇರಬೇಕು.

ಮಾನಿಟರಿನ ವಿಷಯದಲ್ಲಿ ಮಾತ್ರ ಮಂಡಳಿಯಲ್ಲಿ ಮತಭೇದವಿತ್ತು. ವಾಸು ಮತ್ತು ನಾನು ಹಿಂದಕ್ಕೆ ಬೊಜ್ಜು ಬೆಳೆದ ಹಳೆಯ ಡಬ್ಬಿ ಮಾನಿಟರಿನ ಸಂಪ್ರದಾಯದವರು. ಆಟದ ಓಟಕ್ಕೆ ಅದೇ ಸರಿ, ತೆಳ್ಳಗಿನದರಲ್ಲಿ ಓಡುವ ಮನುಷ್ಯನ ಹಿಂದೆ ಅವನ ದೆವ್ವವೂ ಓಡುತ್ತದೆ ಎಂದು ನಮ್ಮ ವಾದ. ಅರುಣ ತೆಳ್ಳಗಿನದನ್ನು ಕೊಂಡು ಮತಾಂತರ ಆಗಿದ್ದ. ಈ ಚರ್ಚೆಯಲ್ಲಿ ನಾವು ಕುಡಿದ ಚಹಾದಲ್ಲಿ ಒಂದು ಸಣ್ಣ ದೋಣಿ ತೇಲಿಸಬಹುದಿತ್ತು.

ಇಷ್ಟೆಲ್ಲದರ ನಡುವೆ ವಾಸುವಿಗೆ ನಿಜವಾಗಿ ಬೇಕಾಗಿದ್ದದ್ದು ಒಂದೇ, ಹಡಗು. ಬರೆಯುವ ಪರೀಕ್ಷೆ ಪಾಸಾಗಿತ್ತು. ಮುಂಬಯಿಗೆ ಹೋಗಿ ದೇಹಪರೀಕ್ಷೆ ಮುಗಿಸಿದರೆ ಹಡಗಿನ ಅಧಿಕಾರಿಯ ತರಬೇತಿ. ನಮ್ಮ ಕಡಲ ತಡಿಯ ಮನೆಗಳಲ್ಲಿ ಹಿಂದೆ ಅಳಿಯಕಟ್ಟು. ಮಾವನದ್ದು ಸೋದರಳಿಯನಿಗೆ ಬರಬೇಕು. ಕಾನೂನು ಬದಲಾದರೂ ಶೀನಮಾವನ ಮನಸ್ಸು ಬದಲಾಗಿರಲಿಲ್ಲ. "ನಾ ಬೋಟ್ ನಡ್ಸ್‌ದೆ, ನನ್ ಅಳಿಯ ಹಡ್ಗ್ ನಡ್ಸ್ತ" ಎಂದು ಗಂಗೊಳ್ಳಿ ಬಂದರಿನಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳಿಯಾಗಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ, ಆ ಅಮೋಘ ಕಾರ್ಡಿನ ದರ್ಶನಕ್ಕೆಂದು ಅರುಣನೂ ನಾನೂ ಕೋಡಿಗೆ ಹೋದೆವು. ವಾಸು ಒಂದು ಆಟ ಹಾಕಿದ. ಪರದೆ ತುಂಬ ದಟ್ಟ ಹಸುರು ಕಾಡು. ಗುಂಡಿಯನ್ನು ಬಲತುದಿಯ ಹತ್ತಿರಕ್ಕೆ ಜರುಗಿಸಿ, ಪೂಜೆ ಮುಗಿಸಿದ ಭಟ್ಟರ ಹಾಗೆ ಕೈಕಟ್ಟಿ ನಿಂತ.

ಕಾಡಿನ ತುಂಬ ಕೆಂಪು ಕಿಡಿ.

"ಇಳ್ಸ್ ಮಾರಾಯಾ, ಕಿಡಿ ಬತ್ತಿತ್ತಲ್ಲ" ಎಂದ ಅರುಣ.

"ಎಲ್ಲಿ?"

"ಎಲ್ಲಿ ಅಂದ್ರೆ ಎಂತ? ಎಲ್ಲಾ ಬದಿಯಗೂ ಇತ್ತ್."

"ನಿಮ್ಗೆ ಹೊಟ್ಟಿಕಿಚ್ಚ್" ಎಂದ ವಾಸು, ಶಾಂತವಾಗಿ.

ಅರುಣ ಒಂದು ಸಿದ್ಧಾಂತ ಮಂಡಿಸಿದ. ಡಬ್ಬಿ ಮಾನಿಟರಿನ ಗಾಜಿಗೆ ಕಿಟಕಿಯ ಬೆಳಕು ಹೊಡೆಯುತ್ತದೆ, ವಾಸು ಕೂರುವಲ್ಲಿಗೆ ಕಿಡಿ ಕಾಣುವುದಿಲ್ಲ. ಆದ್ದರಿಂದ ದೋಷ ಮಾನಿಟರಿನದ್ದು, ಪರಿಹಾರ ತೆಳ್ಳಗಿನದ್ದು. ಮುಂದಿನ ವಾರ ತನ್ನದನ್ನೇ ಹಾಸುಬಟ್ಟೆಯಲ್ಲಿ ಸುತ್ತಿ, ಬ್ರಹ್ಮಾವರದಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ. "ಯಾರ್ ಫೋಟೋ ಅದ್?" ಎಂದು ಕಂಡಕ್ಟರ್ ಸ್ವಲ್ಪ ಮರುಕದಿಂದ ಕೇಳಿದನಂತೆ.

ತೆಳ್ಳಗಿನದನ್ನು ಜೋಡಿಸಿದೆವು. ಕಿಡಿಗಳು ಇನ್ನೂ ಚೊಕ್ಕವಾಗಿ ಕಂಡವು. "ಇದ್ರಗೂ ಎಂತ ಇಲ್ಲ" ಎಂದ ವಾಸು. ಅಷ್ಟರಲ್ಲಿ ಮಂಜುಗಡ್ಡೆಯ ಪೆಟ್ಟಿಗೆ ಹೊತ್ತುಕೊಂಡು ಶೀನಮಾವ ಬಂದರು. ವಾಸು ಅವರನ್ನೇ ನ್ಯಾಯಾಧೀಶರನ್ನಾಗಿ ಮಾಡಿದ. "ಮಾವ, ನೀವೇ ಕಾಣಿ. ಈ ಕಾಡಗೆ ಎಂತಾರೂ ಕಾಂತಿತ್ತಾ?"

ಶೀನಮಾವ ಮುಂಡಾಸು ಬಿಚ್ಚಿ ಮುಖ ಒರಸಿಕೊಂಡು, ಬಗ್ಗಿ, ಕಡಲಿನಲ್ಲಿ ಮೀನಿನ ಗುಂಪು ಹುಡುಕುವ ಗಾಂಭೀರ್ಯದಿಂದ ನೋಡಿದರು. "ಎಂತದೂ ಇಲ್ಲ. ಲಾಯ್ಕ್ ಕಾಡ್" ಎಂದು ತೀರ್ಪು ಕೊಟ್ಟರು.

ಎರಡಕ್ಕೆ ಎರಡು. ಚಹಾ ತಂದ ಅಕ್ಕ ಶಾರದಕ್ಕ, ಸೊಂಟದಲ್ಲಿ ಪ್ರಜ್ವಲ್‌ನನ್ನು ಎತ್ತಿಕೊಂಡವರು, ಯಾರೂ ಕೇಳದೆ ತಮ್ಮ ಮತ ಹಾಕಿದರು: "ಇದೆಂತ ವಾಸು, ಕಾಡ್ ತುಂಬ ಕುಂಕುಮ ಚೆಲ್ಲಿದ್ ಹಾಂಗಿತ್ತಲ್ಲ?"

ಅಕ್ಕನಿಗೆ ಗ್ರಾಫಿಕ್ಸ್ ಕಾರ್ಡಿನ ಮೇಲೆ ಹೊಟ್ಟೆಕಿಚ್ಚು ಇರುವ ಸಂಭವವಿರಲಿಲ್ಲ. ಅಷ್ಟರಲ್ಲೇ ಪರದೆ ಒಮ್ಮೆ ಗಕ್ಕೆಂದು ನಿಂತು ಕಪ್ಪಾಯಿತು. ಸುಟ್ಟ ವಾಸನೆ ಬಂಗುಡೆಯ ವಾಸನೆಯನ್ನೂ ಸೋಲಿಸಿ ಮೇಲಕ್ಕೆದ್ದಿತು. ಕಾರ್ಡ್ ದೈವಾಧೀನವಾಯಿತು.

ಶೀನಮಾವ ಜಗಲಿಗೆ ಹೋಗಿ ಕೂತರು. ಸ್ವಲ್ಪ ಹೊತ್ತಿನ ಮೇಲೆ ಅಳಿಯನನ್ನು ಕರೆದರು. "ವಾಸು, ಆ ದಾಸಾಳದ ಗಿಡದಗೆ ಹೂಂಗ್ ಎಷ್ಟಿತ್ತ್ ಹೇಳ್."

ವಾಸು ಕಣ್ಣು ಕಿರಿದು ಮಾಡಿ ನೋಡಿದ. "ಒಂದ್... ಎರಡ್."

ಗಿಡದ ತುಂಬ ಕೆಂಪು ಹೂ ಬಿರಿದಿತ್ತು.

"ನಂಗೂ ಎರಡೇ ಕಾಂಬುದ್" ಎಂದರು ಶೀನಮಾವ.

ಆಮೇಲೆ ಅವರು ಹೇಳಿದ್ದನ್ನು ಅದುವರೆಗೆ ಹೆಂಡತಿಗೂ ಹೇಳಿರಲಿಲ್ಲವಂತೆ. ಕೆಂಪು ಹಸುರು ಅವರಿಗೆ ಯಾವತ್ತೂ ಬೇರೆ ಬೇರೆ ಆಗಿ ಕಂಡದ್ದಿಲ್ಲ. ಕತ್ತಲೆಯಲ್ಲಿ ಎದುರಿನಿಂದ ಬರುವ ಬೋಟಿನ ಕೆಂಪು ದೀಪ ಯಾವುದು, ಹಸುರು ಯಾವುದು ಎಂದು ಪಕ್ಕದಲ್ಲಿ ನಿಂತ ಬೋಟಿನ ಆಳು ತಿಮ್ಮಪ್ಪ ಮೆಲ್ಲಗೆ ಹೇಳುವುದು, ಇವರು ಗಟ್ಟಿಯಾಗಿ ಗದರುತ್ತಾ ಬೋಟು ತಿರುಗಿಸುವುದು. ನಮಗೆ ಒಂದೊಂದೇ ಅರ್ಥವಾಗತೊಡಗಿತು. ಕಿವಿರು ಕೆಂಪಗಿದೆಯೇ ಎಂದು ಎಲ್ಲರೂ ಎತ್ತಿ ನೋಡಿ ಮೀನು ಕೊಂಡರೆ ಶೀನಮಾವ ಹೆಬ್ಬೆರಳಿನಿಂದ ಒತ್ತಿ ಮಾತ್ರ ನೋಡುತ್ತಿದ್ದರು. ದೊಡ್ಡವರ ಹದ ಅದು ಎಂದು ನಾವು ತಿಳಿದಿದ್ದೆವು. ಹಸುರು ಸೀರೆ ತನ್ನಿ ಎಂದು ಬೇಡಿಕೊಂಡ ಹೆಂಡತಿಗೆ ಅವರು ತಂದ ಇಟ್ಟಿಗೆ ಬಣ್ಣದ ಸೀರೆಗಳಿಂದ ಒಂದು ಕಪಾಟೇ ತುಂಬಿತ್ತು. ಗಂಡನಿಗೆ ರುಚಿ ಇಲ್ಲ ಎಂದು ಆ ತಾಯಿ ಕ್ಷಮಿಸಿಬಿಟ್ಟಿದ್ದರು.

ಕುಂದಾಪುರದ ಕಣ್ಣಿನ ಡಾಕ್ಟರು ಚುಕ್ಕಿಗಳ ಪುಸ್ತಕ ತೆರೆದು ವಾಸುವಿಗೆ ತೋರಿಸಿದರು. ಚುಕ್ಕಿಗಳ ನಡುವೆ ನಮಗೆ ಢಾಳಾಗಿ ಕಂಡ ಅಂಕಿಗಳು ಅವನಿಗೆ ಕಾಣಲಿಲ್ಲ. ಇದು ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುವಂಥದ್ದು, ದಾಟಿಸುವ ಹೆಂಗಸರಿಗೆ ಸಾಮಾನ್ಯವಾಗಿ ತಿಳಿಯುವುದೂ ಇಲ್ಲ, ಬಂದರೆ ಬಂತು ಬಾರದಿದ್ದರೆ ಇಲ್ಲ ಎಂದರು ಡಾಕ್ಟರು. ಆಸ್ತಿಯ ಅಳಿಯಕಟ್ಟನ್ನು ಸರಕಾರ ನಿಲ್ಲಿಸಿತು. ಇದನ್ನು ನಿಲ್ಲಿಸುವ ಮಸೂದೆ ಯಾವ ವಿಧಾನಸಭೆಯಲ್ಲೂ ಮಂಡನೆಯಾಗಿಲ್ಲ. ಜೊತೆಗೆ ಬಂದಿದ್ದ ಶಾರದಕ್ಕ ಮಗುವನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿಕೊಂಡರು.

ಶೀನಮಾವ ಸೋಲೊಪ್ಪುವ ಜಾತಿಯವರಲ್ಲ. ಪುಸ್ತಕದ ಪುಟಗಳನ್ನು ಬಾಯಿಪಾಠ ಮಾಡಿಸಿ ಅಳಿಯನನ್ನು ಮುಂಬಯಿಗೆ ಕಳಿಸುವುದೆಂದು ಅವರೂ ಅರುಣನೂ ಸೇರಿ ಯೋಜನೆ ಹಾಕಿದರು. ಕಾರ್ಡ್ ಟ್ಯೂನ್ ಮಾಡಿದವರಿಗೆ ಕಣ್ಣು ಟ್ಯೂನ್ ಮಾಡುವುದು ಯಾವ ದೊಡ್ಡದು ಎಂದು ಅರುಣನ ಹುಮ್ಮಸ್ಸು. ಅದೇ ಜಗಲಿಯಲ್ಲಿ ಸಭೆ ಸೇರಿತು.

"ನಾ ಇಷ್ಟ್ ವರ್ಷ ಬೋಟ್ ನಡ್ಸಿದ್ದಿಲ್ಯಾ?" ಎಂದರು ಶೀನಮಾವ. "ಯಾರಿಗಾರೂ ಗೊತ್ತಾಯ್ತಾ?"

ವಾಸು ಸುಟ್ಟ ಕಾರ್ಡನ್ನು ಕೈಯಲ್ಲಿ ತಿರುಗಿಸುತ್ತಾ ಕೂತಿದ್ದ. "ನಿಮ್ಗೆ ತಿಮ್ಮಪ್ಪಣ್ಣ ಇದ್ದ, ಮಾವ. ನಂಗೆ ಯಾರಿದ್ರ್?" ಎಂದ. ಕಾರ್ಡನ್ನು ಎತ್ತಿ ಹಿಡಿದು, "ಇದ್ ಸುಡೂದ್ ನಿಮ್ಮನ್ ಬಿಟ್ಟ್ ಮನಿಯರೆಲ್ಲರಿಗೂ ಕಂಡಿತ್ತ್. ಎದ್ರಿಗೇ ಕೂತ್ಕಂಡ್ ನಂಗೆ ಕಂಡಿಲ್ಲ. ಹಡ್ಗಗೆ ಹೀಂಗಾರೆ?"

ಶೀನಮಾವ ಅಳಿಯನ ಕೈಯಿಂದ ಕಾರ್ಡನ್ನು ತೆಗೆದು ಪಕ್ಕಕ್ಕಿಟ್ಟರು. ತಲೆಯ ಮುಂಡಾಸನ್ನು ಬಿಚ್ಚಿ ಮತ್ತೆ ಸುತ್ತಿಕೊಂಡರು. ಮುಂಬಯಿಯ ಮಾತು ಆ ಮನೆಯಲ್ಲಿ ಅಲ್ಲಿಗೆ ಮುಗಿಯಿತು.

ವಾಸು ಈಗ ಗಂಗೊಳ್ಳಿಯಲ್ಲಿ ಮಂಜುಗಡ್ಡೆಯ ಕಾರ್ಖಾನೆ ನೋಡಿಕೊಳ್ಳುತ್ತಾನೆ. ತಂಪಿನ ವಿದ್ಯೆ ಅವನಿಗೆ ಹೊಸತಲ್ಲವಲ್ಲ. "ಐಸಿಗೆ ಬಣ್ಣ ಇಲ್ಲ, ಅದೇ ಸುಖ" ಎನ್ನುತ್ತಾನೆ. ಶೀನಮಾವ ತೀರಿಕೊಂಡರು. ಡಬ್ಬಿ ಮಾನಿಟರುಗಳು ಅವರಿಗಿಂತ ಮೊದಲೇ ತೀರಿಕೊಂಡಿದ್ದವು. ಮಂಡಳಿ ಯಾವ ಠರಾವೂ ಇಲ್ಲದೆ ವಿಸರ್ಜನೆಯಾಯಿತು. ತೆಳ್ಳಗಿನದ್ದೇ ಗೆದ್ದಿತೆಂದು ಅರುಣ ಇಂದಿಗೂ ಮೆಸೇಜು ಕಳಿಸುತ್ತಾನೆ.

ಇಗೋ, ಮತ್ತೆ ಅಂಗಡಿಗೆ ಬಂದೆವು. ಗೋಡೆಯುದ್ದಕ್ಕೂ ಮಾನಿಟರುಗಳು, ಎಲ್ಲದರಲ್ಲೂ ಒಂದೇ ಚಿತ್ರ: ಹಸುರು ಎಲೆಗಳ ನಡುವೆ ಒಂದು ಗಿಳಿ. ಅಂಗಡಿಯವರು ಹೊಸದಾಗಿ ಪೆಟ್ಟಿಗೆಯಿಂದ ಎಳೆದದ್ದನ್ನೂ ಸಾಲಿಗೆ ಸೇರಿಸಿ, ಅದರ ಗುಣಗಾನವನ್ನು ಮಂತ್ರದ ಹಾಗೆ ಹೇಳುತ್ತಿದ್ದರು. ವಾಸುವಿನ ಕಿವಿ ಅತ್ತ ಇರಲಿಲ್ಲ. ಅವನು ಪ್ರಜ್ವಲ್‌ನ ಮುಖ ನೋಡುತ್ತಿದ್ದ. ನಾನು, ನನ್ನನ್ನು ಕರೆಸಿದ ಕೆಲಸವೇ ಅದಾದ್ದರಿಂದ, ಗಿಳಿಯನ್ನು ನೋಡುತ್ತಿದ್ದೆ.

"ಮಾವ, ಇದ್ ಬ್ಯಾಡ" ಎಂದ ಪ್ರಜ್ವಲ್.

"ಎಂತಕೆ?"

"ಬಣ್ಣ ಸಮಾ ಇಲ್ಲ. ಗಿಳಿ ಕೊಕ್ಕ್ ಕಾಣಿ. ಆಚಿಯದ್ರಗೆ ಕೆಂಪ್ ಇತ್ತ್, ಇದ್ರಗೆ ಕಿತ್ಲಿ ಸಿಪ್ಪಿ ಹಾಂಗೆ ಇತ್ತ್. ಎಲಿಯೂ ಹಳ್ದಿ ಆಯ್ತ್."

ವಾಸು ನನ್ನ ಕಡೆ ತಿರುಗಿದ. ನಾನು ಎರಡು ಕೊಕ್ಕನ್ನೂ ಇನ್ನೊಮ್ಮೆ ನೋಡಿದೆ. ಇಷ್ಟು ವರ್ಷ ಪುಕ್ಕಟೆ ಸಿಕ್ಕಿದ್ದನ್ನು ಇಷ್ಟು ಜಾಗ್ರತೆಯಿಂದ ನಾನು ಎಂದೂ ಬಳಸಿರಲಿಲ್ಲ. ಒಂದು ಕೆಂಪು, ಒಂದು ಕಿತ್ತಳೆ. ಹೌದು ಎಂದು ತಲೆಯಾಡಿಸಿದೆ.

"ಇದ್ರಗೆ?" ವಾಸು ಮುಂದಿನದನ್ನು ತೋರಿಸಿದ.

"ಅದ್ರಗೆ ಕೆಂಪ್ ಜಾಸ್ತಿ ಆಯ್ತ್, ರಕ್ತದ ಹಾಂಗೆ."

"ಇದ್ರಗೆ?"

ಸಾಲಿನಲ್ಲಿದ್ದ ಒಂದನ್ನೂ ಬಿಡಲಿಲ್ಲ. ಪ್ರತಿಯೊಂದಕ್ಕೂ ಆ ಹುಡುಗ ಒಂದೊಂದು ದೋಷ ಹೇಳಿದ. ಪ್ರತಿಯೊಂದಕ್ಕೂ ನಾನು ತಲೆಯಾಡಿಸಿದೆ. ಅಂಗಡಿಯವರ ಮುಖ ಸಣ್ಣದಾಗುತ್ತಾ ಹೋದ ಹಾಗೆ ವಾಸುವಿನದ್ದು ಅಗಲವಾಗುತ್ತಾ ಹೋಯಿತು. ಡಾಕ್ಟರ ಪುಸ್ತಕ ಇನ್ನೂ ಬಾಕಿ ಇದೆ, ನಾಳೆಯೇ ಹೋಗಬೇಕು, ಗಿಳಿಯ ಕೊಕ್ಕಿನಿಂದ ಎಲ್ಲ ಇತ್ಯರ್ಥ ಆಗುವುದಿಲ್ಲ ಎಂದು ಹೇಳಲು ಹೊರಟವನು ಬಾಯಿ ಮುಚ್ಚಿಕೊಂಡೆ. ಮಾತಾಡಬೇಡ ಎಂದು ಮೊದಲೇ ಅಪ್ಪಣೆಯಾಗಿತ್ತಲ್ಲ.

ವಾಸು ಮೆಟ್ಟಿಲ ಬಳಿಗೆ ಹೋಗಿ ಫೋನ್ ತೆಗೆದ.

"ಅಕ್ಕ," ಎಂದ, "ನಿನ್ ಮಗನತ್ರ ಆಪ್ದಲ್ಲ ಹೋಪ್ದಲ್ಲ. ಅಂಗಡಿಯಗಿದ್ದ್ ಎಲ್ಲದ್ರಗೂ ಬಣ್ಣ ಸಮಾ ಇಲ್ಲ ಅಂತ."

"ಇನ್ನೊಂದ್ ಸಲ ಹೇಳ್" ಎಂದ ಅಕ್ಕನ ಸ್ವರ ನನ್ನವರೆಗೂ ಕೇಳಿಸಿತು. ವಾಸು ಫೋನನ್ನು ಕಿವಿಯಿಂದ ತೆಗೆಯದೆ, ಎದುರಿನ ರಸ್ತೆಯ ಬಸ್ಸುಗಳನ್ನು ನೋಡುತ್ತಾ ಗಿಳಿಯ ಕೊಕ್ಕಿನಿಂದ ಹಿಡಿದು ಮತ್ತೆ ಹೇಳತೊಡಗಿದ.