ಗ್ಯಾರೇಜಿನಲ್ಲಿದ್ದ ಕೌಬಾಯ್ ತಾತ

"ಆಂಟಿ, ಡಬ್ಬಿ ಕೆಳಗಿಡ್ರಿ. ಮೆತ್ತಗ ಇಡ್ರಿ. ಹೊರಗ ಬರ್ರಿ!"

ಫೋನಿನಲ್ಲಿ ಶಾಹೀನ್ ಕಿರುಚಿದಳು. ನಮಗೆ ಪರಿಚಯದ ಧಾರವಾಡದ ಹುಡುಗಿ. ಆಸ್ಟಿನ್‌ನಲ್ಲಿ ಹಳೇ ಸಿನಿಮಾ ರೀಲು ಉಳಿಸೋದನ್ನ ಓದುತ್ತಿದ್ದಾಳೆ. ನನ್ನ ಕೈಯಲ್ಲಿದ್ದದ್ದು ತುಕ್ಕು ಹಿಡಿದ ತಗಡಿನ ಡಬ್ಬಿ. (ಆಂಟಿ ಅಂದಳಲ್ಲ ಅಂತ ಬೇಜಾರು ಮಾಡಿಕೊಳ್ಳೋಕೂ ಟೈಮ್ ಇರಲಿಲ್ಲ.)

ಟೆಕ್ಸಾಸ್‌ನ ಕ್ಯಾರಲ್ಟನ್‌ನಲ್ಲಿ ನಮ್ಮ ಪಕ್ಕದ ಮನೆಯವರು ಮಿಸ್ ರೂತ್. ಎಂಬತ್ತೆರಡು ವರ್ಷ. ಹ್ಯೂಸ್ಟನ್‌ಗೆ, ಮಗಳ ಮನೆಗೆ ಶಿಫ್ಟ್ ಆಗ್ತಿದ್ರು. ಗ್ಯಾರೇಜ್ ಖಾಲಿ ಮಾಡೋಕೆ ನಾನು ಹೋಗಿದ್ದೆ. ಮೂಲೆಯಲ್ಲಿ ಇಂಥ ಮೂರು ಡಬ್ಬಿ ಸಿಕ್ಕವು.

"ನನ್ನ ತಾತಂದು" ಅಂದರು.

ತಾತ ಮೂಕಿ ಚಿತ್ರಗಳ ಕಾಲದ ಕೌಬಾಯ್ ಹೀರೋ! ಶೂಟಿಂಗ್‌ಗೆ ಕುದುರೆ ಹೊಡೆದುಕೊಂಡು ಹೋದವನು, ನಟನಿಗೆ ಹೀಗೆ ಹತ್ತಬೇಕು ಅಂತ ತೋರಿಸೋಕೆ ಹೋಗಿ ತಾನೇ ಹೀರೋ ಆಗಿಬಿಟ್ಟ. ಆಮೇಲೆ ಕತೆಯೂ ಅವನದೇ, ನಿರ್ದೇಶನವೂ ಅವನದೇ. ಅಷ್ಟರಲ್ಲಿ ಸಿನಿಮಾ ಮಾತಾಡೋಕೆ ಶುರು ಮಾಡಿತು. ಇವನ ದನಿ ಯಾರಿಗೂ ಹಿಡಿಸಲಿಲ್ಲ. ಕುದುರೆಯ ಜೀನು ಹೊಲಿಯುವ ಅಂಗಡಿ ಸೇರಿದ. ರೂತ್ ಹುಟ್ಟುವ ಮೊದಲೇ ತೀರಿಕೊಂಡ. ಅವನ ಮಗಳು, ಅಂದರೆ ರೂತ್ ಅವರ ಅಮ್ಮ, ಅಪ್ಪನ ಬಗ್ಗೆ ಹೇಳುತ್ತಿದ್ದದ್ದು ಒಂದೇ ಮಾತು: "ಸೋತವನು."

ಅವನ ಚಿತ್ರಗಳು ಎಲ್ಲೂ ಉಳಿದಿಲ್ಲ. ಈ ಮೂರು ಡಬ್ಬಿ ಬಿಟ್ಟರೆ.

ಶಾಹೀನ್‌ಗೆ ಫೋಟೋ ಕಳಿಸಿದ್ದೇ ತಡ, ಫೋನ್ ಬಂತು. "ನೈಟ್ರೇಟ್ ಫಿಲ್ಮ್ ಐತ್ರಿ ಅದು. ಸೆಕೆಗೆ ತಾನ ಬೆಂಕಿ ಹತ್ತಿಕೊಳ್ತದ. ನೀರಾಗ ಮುಳುಗಿಸಿದ್ರೂ ಆರಂಗಿಲ್ಲ. ಮೊದ್ಲ ಫೈರ್‌ನವರನ್ನ ಕರೀರಿ!"

ಟೆಕ್ಸಾಸ್‌ನ ಆಗಸ್ಟ್ ಮಧ್ಯಾಹ್ನ. ಗ್ಯಾರೇಜ್ ಹೆಂಚಿನ ಹಾಗೆ ಕಾದಿತ್ತು.

ಫೈರ್ ಆಫೀಸರ್ ಬಂದು ನೋಡಿದ. "ಮೂರನ್ನೂ ಒಯ್ದು ನಾಶ ಮಾಡ್ತೀವಿ."

ರೂತ್ ಅಡ್ಡ ನಿಂತರು. "ನಾನು ನನ್ನ ತಾತನನ್ನ ಒಂದು ಸಲವೂ ನೋಡಿಲ್ಲ."

"ಮ್ಯಾಮ್, ಪಕ್ಕದಲ್ಲಿ ಮನೆಗಳಿವೆ."

ಪಕ್ಕದ ಮನೆ ನಮ್ಮದು! ನನ್ನ ಮಗಳನ್ನು ಆಗಲೇ ರಸ್ತೆಯಾಚೆ ಓಡಿಸಿದ್ದೆ. ನಿಜ ಹೇಳಲಾ? ತಗೊಂಡು ಹೋಗಲಿ ಅಂತಲೇ ಅನ್ನಿಸಿತ್ತು. ಆದರೆ ರೂತ್ ಬಾಗಿಲಿಂದ ಕದಲಲಿಲ್ಲ. ಫೋನನ್ನು ಆಫೀಸರ್ ಕೈಗೆ ಕೊಟ್ಟೆ.

ಶಾಹೀನ್ ಇಂಗ್ಲಿಷಿನಲ್ಲಿ ಬೇಡಿಕೊಂಡಳು. ಮುಚ್ಚಳ ತೆಗೆದು ನೋಡಿ. ಪುಡಿಯಾಗಿದ್ದರೆ ಒಯ್ಯಿರಿ. ಸುರುಳಿ ಸರಿಯಿದ್ದರೆ ತಂಪಾಗಿಡಿ, ನಮ್ಮ ಪ್ರೊಫೆಸರ್ ಬರ್ತಾರೆ.

ಅವನು ನಮ್ಮನ್ನೆಲ್ಲ ದೂರ ಕಳಿಸಿ ಒಬ್ಬನೇ ಒಳಗೆ ಹೋದ. ಒಂದೊಂದೇ ತೆಗೆದು ಅಲ್ಲಿಂದಲೇ ಕೂಗಿ ಹೇಳಿದ. ಮೊದಲನೇ ಡಬ್ಬಿ, ಕಂದು ಪುಡಿ. ಎರಡನೆಯದು ಬೆಲ್ಲದ ಅಚ್ಚಿನ ಹಾಗೆ ಅಂಟಿಹೋಗಿತ್ತು. ಮೂರನೆಯದರ ಮೇಲೆ ಬಗ್ಗಿದವನು ಎಷ್ಟು ಹೊತ್ತಾದರೂ ಏಳಲೇ ಇಲ್ಲ. 

"ಇದು ಚೆನ್ನಾಗಿದೆ" ಅಂತ ಕೂಗಿದ.

ತಿಂಗಳ ನಂತರ ಆಸ್ಟಿನ್‌ನ ಪುಟ್ಟ ಕೋಣೆಯಲ್ಲಿ, ಶಾಹೀನ್‌ಳ ಪ್ರೊಫೆಸರ್ ಮಾಡಿಸಿದ ಅದರ ಕಾಪಿ ನೋಡಿದೆವು. ಒಬ್ಬ ಕುದುರೆಯಿಂದ ಬೀಳ್ತಾನೆ, ಎದ್ದು ಹ್ಯಾಟ್ ಕೊಡವಿಕೊಂಡು ಕ್ಯಾಮೆರಾ ಹಿಂದಿದ್ದ ಯಾರನ್ನೋ ನೋಡಿ ಜೋರಾಗಿ ನಗ್ತಾನೆ. ಅಷ್ಟೇ.

ರೂತ್ ನನ್ನ ಕೈ ಗಟ್ಟಿಯಾಗಿ ಹಿಡಿದರು. "ಅಯ್ಯೋ, ನನ್ನ ತಾತ ಎಷ್ಟು ಚಿಕ್ಕವನು!"

ನಮ್ಮ ಹಿರಿಯರಿಗೂ ಒಂದು ಕಾಲದಲ್ಲಿ ಮೂವತ್ತು ವರ್ಷವಾಗಿತ್ತು ಅಂತ ನಂಬೋಕೆ ನಮಗೆ ಯಾಕ್ರೀ ಸಾಕ್ಷಿ ಬೇಕು?