ಗಾಜಿನ ಮೇಲಿನ ಉಪ್ಪು

ನನ್ನ ಅಕ್ಕ ಸುಳ್ಳು ಹೇಳುವವಳಲ್ಲ ಎಂದು ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಪಟದಿಂದ ನೀರು ಬರುತ್ತದೆ ಎಂದರೆ ನೀವು ನಂಬುವುದಿಲ್ಲ, ನಾನೂ ನಂಬಿದವನಲ್ಲ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು, ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಎಪ್ಪತ್ತರ ದಶಕದ ಮೊದಲಲ್ಲಿ, ಶಿವನಸಮುದ್ರದ ಬಳಿ ಅಧಿಕಾರಿಗಳು ಬಂದು ಇಳಿದುಕೊಳ್ಳುವ ಒಂದು ಹಳೇ ಬಂಗಲೆಯಲ್ಲಿ ಅಕ್ಕ ಪುಟ್ಟಮ್ಮ ಗುಡಿಸಿ ಒರೆಸುತ್ತಿದ್ದಳು. ನಾನು ನೀರು ತುಂಬುತ್ತಿದ್ದೆ. ಅಲ್ಲಿನ ಗೋಡೆಯಲ್ಲಿ ಗಾಜು ಹಾಕಿದ ದೊಡ್ಡ ಪಟವೊಂದಿತ್ತು, ಬಿಳಿಯರು ಬಿಟ್ಟುಹೋದದ್ದು. ಸಮುದ್ರದ ದಂಡೆಯ ಒಂದು ಪಟ್ಟಣ. ಮಂಜಿನೊಳಗೆ ಮುಳುಗುವ ಸೂರ್ಯ, ಗೋಪುರಗಳು, ಹಡಗಿನ ಕಂಬಗಳು, ದಡದಲ್ಲಿ ನಮಗೆ ಬೆನ್ನು ಹಾಕಿ ನಿಂತ ನಾಲ್ಕಾರು ಜನ. ನೂರೈವತ್ತು ವರ್ಷದ ಹಿಂದೆ ಯೂರೋಪಿನಲ್ಲಿ ಬರೆದ ಚಿತ್ರದ ನಕಲು ಎಂದು ಸಾಹೇಬರೊಬ್ಬರು ಹೇಳಿದ್ದರು.

ನನಗೆ ಅದು ಒರೆಸಬೇಕಾದ ಗಾಜು ಅಷ್ಟೆ. ಅಕ್ಕ ಮಾತ್ರ ಬಟ್ಟೆ ಹಿಡಿದು ಅದರ ಮುಂದೆ ನಿಂತುಬಿಡುತ್ತಿದ್ದಳು.

"ನೋಡ್ಲಾ, ಮುಕ್ಕಾಲು ಪಟ ಬರೀ ಆಕಾಸವೇ. ಜನ ಇರುವೆ ಗಾತ್ರ. ಯಾರೂ ನಮ್ ಕಡೆ ತಿರುಗಿಲ್ಲ. ಅವ್ರು ನೋಡೋದ್ನೇ ನಾವೂ ನೋಡ್ಲಿ ಅಂತ ಅಂಗೆ ಬರ್ದವ್ನೆ ಕಣ್ಲಾ."

"ಮೊದ್ಲು ಒರ್ಸಕ್ಕ, ಸಾಹೇಬ್ರು ಬತ್ತಾರೆ" ಎನ್ನುತ್ತಿದ್ದೆ.

ಒಂದು ದಿನ ಅಡುಗೆಯವನ ಎದುರಿಗೇ ಹೇಳಿದಳು: "ಸಂಜೆ ಒತ್ನಲ್ಲಿ ಈ ಗಾಜು ಒದ್ದೆ ಆಯ್ತದೆ. ಬೆಳ್ಳಲ್ಲಿ ಮುಟ್ಟಿ ನಾಲಗೆಗೆ ಮಡಿಕ್ಕಂಡೆ, ಉಪ್ಪುಪ್ಪು."

"ಅಂಗಾರೆ ನಾಳೆಯಿಂದ ಸಾರಿಗೆ ಉಪ್ಪು ತರೋದು ಬ್ಯಾಡ ಬುಡಮ್ಮ" ಎಂದ ಅವನು. ನಾನೂ ನಕ್ಕೆ. ಆ ಮಾತು ಊರೂರು ಸುತ್ತಿತು.

ಬೇಸಿಗೆಯಲ್ಲಿ ಅಕ್ಕ ಜ್ವರ ಬಂದು ಮಲಗಿದಳು. ಅವಳ ಕೆಲಸ ನನ್ನ ಪಾಲಿಗೆ ಬಂತು. ಸಂಜೆ ಬಟ್ಟೆ ಹಿಡಿದು ಹೋದರೆ, ಪಟದಲ್ಲಿ ಸಮುದ್ರ ಇರುವಷ್ಟು ಅಗಲಕ್ಕೆ ಗಾಜು ಹನಿಗಟ್ಟಿತ್ತು. ಆಕಾಶದ ಭಾಗ ಒಣಗಿತ್ತು. ಸೂರು ನೋಡಿದೆ, ಗೋಡೆ ಮುಟ್ಟಿದೆ, ಎರಡೂ ಒಣ. ಜಲಪಾತದ ತುಂತುರು ಅಷ್ಟು ದೂರ ಬರುವುದಿಲ್ಲ, ಬಂದರೂ ಕಾವೇರಿಯ ನೀರು ಸಿಹಿ. ಬೆರಳು ನಾಲಗೆಗಿಟ್ಟೆ. ಉಪ್ಪು. ಒರೆಸಿ ಮನೆಗೆ ಬಂದೆ. ಅಕ್ಕನಿಗೂ ಹೇಳಲಿಲ್ಲ.

ಆಗ ಅಕ್ಕನಿಗೆ ಹತ್ತಿರದ ಪೂರಿಗಾಲಿ ಎಂಬ ಊರಿನ ಗಂಡು ಗೊತ್ತಾಗಿತ್ತು. ಅದೇ ವಾರ ಗಂಡಿನ ಅಪ್ಪ ಬಂದು ಜಗಲಿಯ ಮೇಲೆ ಕೂತು ನನ್ನನ್ನೇ ಕೇಳಿದರು: "ಏನಪ್ಪ, ಪಟದಲ್ಲಿ ಸಮುದ್ರ ಒಸರ್ತದೆ ಅಂತಾಳಂತೆ ನಿಮ್ಮಕ್ಕ, ದಿಟವಾ?"

ಅಕ್ಕ ಬಾಗಿಲ ಹಿಂದೆ ನಿಂತಿದ್ದಳು. ನಾನೂ ಕಂಡೆ ಎಂದರೆ ನನ್ನನ್ನೂ ಹುಚ್ಚ ಎಂದಾರು ಎಂದು ಹೆದರಿದೆ.

"ಅವಳ್ ಮಾತು ಬುಡಿ ಗೌಡ್ರೆ, ಒಂದೊಂದ್ಸಲ ಅವ್ಳು ಅಂಗೇಯ" ಎಂದೆ.

ಅವರು ಕಾಫಿ ಮುಟ್ಟದೆ ಎದ್ದರು. ಆಮೇಲೆ ಅಕ್ಕನಿಗೆ ಯಾವ ಗಂಡೂ ಕೂಡಿಬರಲಿಲ್ಲ. ಅವಳು ಮತ್ತೆ ಬಂಗಲೆಗೆ ಹೋಗಲಿಲ್ಲ, ಪಟದ ಮಾತೂ ಎತ್ತಲಿಲ್ಲ. ನನ್ನನ್ನು ಬೈಯಲೂ ಇಲ್ಲ.

ಕೆಲವು ವರ್ಷದ ಮೇಲೆ ಬೆಲ್ಲದ ಲಾರಿಯ ಜೊತೆ ಮಂಗಳೂರಿಗೆ ಹೋದೆ. ಸಮುದ್ರ ಕಂಡದ್ದು ಅದೇ ಮೊದಲು. ಬೆರಳು ಅದ್ದಿ ನಾಲಗೆಗಿಟ್ಟೆ. ಅದೇ ರುಚಿ, ಉಪ್ಪಿನ ಹಿಂದೆ ಸಣ್ಣ ಕಹಿ. ಈಚೆಗೆ ಇದನ್ನು ನನ್ನಿಂದ ಕೇಳಿ, ಪಟದ ಮೇಲಿದ್ದದ್ದು ಗೋಡೆಯ ಉಪ್ಪಿರಬೇಕು ಎಂದವರಿದ್ದಾರೆ. ಗೋಡೆಯ ಉಪ್ಪು ಗಾಜಿನ ಈಚೆಗೆ ಹೇಗೆ ಬಂತೋ, ಇವತ್ತಿಗೂ ನನಗೆ ತಿಳಿದಿಲ್ಲ.

ಊರಿಗೆ ಬಂದಾಗ ಅಕ್ಕ ರಾಗಿ ಕೇರುತ್ತಿದ್ದಳು. ಎದುರಿಗೆ ಕೂತೆ.

"ಆ ಗಾಜು ಒದ್ದೆಯಾಗಿತ್ತು ಕಣಕ್ಕ."

ಮೊರ ನಿಂತಿತು.

"ನಾನೂ ನೆಕ್ಕಿ ನೋಡಿದ್ದೆ. ಗೌಡ್ರು ಕೇಳ್ದಾಗ ಗೊತ್ತಿದ್ದೂ ಏಳ್ನಿಲ್ಲ. ತಪ್ಪಾಯ್ತು ಕಣಕ್ಕ."