ಕೊಕ್ಕೆಗೆ ಕಟ್ಟದ ಹಗ್ಗ

ದಸರಾ ರಜೆಯ ಶಿಬಿರದ ಮಕ್ಕಳು ಅವರನ್ನು ಸ್ಕೀ ಮೇಷ್ಟ್ರು ಎನ್ನುತ್ತಿದ್ದರು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದವರು ಚಿಕ್ಕಬಳ್ಳಾಪುರದ ಕೆರೆಗೆ ಬಂದು, ಓಡುವ ದೋಣಿಯ ಹಿಂದೆ ಹಗ್ಗ ಹಿಡಿದು ನೀರ ಮೇಲೆ ಜಾರುವುದನ್ನು ಕಲಿಸುತ್ತಿದ್ದರು. ಪ್ರತಿ ಮಗುವಿನ ಲೈಫ್ ಜಾಕೆಟ್ಟಿನ ಪಟ್ಟಿಯೊಳಗೆ ಎರಡು ಬೆರಳು ತೂರಿಸಿ ಬಿಗಿ ನೋಡುವರು. ಆಮೇಲೆ ಅದೇ ಮಾತು: "ಬಿದ್ರೆ ಹಗ್ಗ ಬಿಟ್ಬಿಡಮ್ಮ, ಅಷ್ಟೇ."

ನನ್ನ ಏಳು ವರ್ಷದ ಮಗಳ ಸರದಿ ಬಂದಾಗ ನಾನೂ ದೋಣಿ ಹತ್ತಿದೆ. ಅವಳು ಹಗ್ಗದ ಒಂದು ತುದಿಯ ಹಿಡಿಕೆ ಹಿಡಿದು ನೀರಿಗಿಳಿದಳು. ಇನ್ನೊಂದು ತುದಿಯನ್ನು ಮೇಷ್ಟ್ರು ದೋಣಿಯ ಕೊಕ್ಕೆಗೆ ಕಟ್ಟದೆ ಕೈಯಲ್ಲೇ ಹಿಡಿದು ಕೂತರು. ನನಗೆ ಪಿತ್ತ ನೆತ್ತಿಗೇರಿತು. "ಕಟ್ರೀ ಅದನ್ನ!" ಎಂದು ಕೂಗಿದೆ. ಅವರು ಮಗಳ ಮೇಲಿನ ಕಣ್ಣು ತೆಗೆಯಲಿಲ್ಲ.

ಅವಳು ಎದ್ದು ನಿಂತಳು, ಹತ್ತು ಮಾರು ಜಾರಿದಳು, ಮುಗ್ಗರಿಸಿ ಮುಳುಗಿದಳು. ಚಾಲಕ ದೋಣಿ ತಿರುಗಿಸಿ ಹತ್ತಿರ ಒಯ್ಯುವಷ್ಟರಲ್ಲಿ ಕೆಮ್ಮುತ್ತಾ ನಗುತ್ತಾ ತೇಲುತ್ತಿದ್ದಳು. ಹಿಡಿಕೆ ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು. ಇಡೀ ಹಗ್ಗ ನೀರ ಮೇಲೆ ಸಡಿಲವಾಗಿ ಬಿದ್ದಿತ್ತು.

"ಮೊದಲ್ನೇ ಸಲ ಯಾವ ಮಗೂನೂ ಬಿಡಲ್ಲ ಸಾರ್," ಎಂದರು ಮೇಷ್ಟ್ರು. "ಅದಕ್ಕೇ ನಾನು ಬಿಡ್ತೀನಿ."

ದಡ ಸೇರಿದೆವು. ಮಗಳು ಇಳಿದು ಓಡಿದಳು. ದೋಣಿಯ ಅಂಚು ಹಿಡಿದೇ ಕೂತಿದ್ದ ನನ್ನ ಕೈಯನ್ನು ಅವರು ಮೆಲ್ಲನೆ ತಟ್ಟಿದರು.

"ಇನ್ನು ನೀವೂ ಬಿಡಿ ಸಾರ್."